ಗ್ರಹಣಕಾಲದಲ್ಲಿ ಸಾಕುನಾಯಿಗೆ ನೀರು ಕೊಡಬಹುದೇ?

ಪ್ರಶ್ನೆ: 2025ರ ಸೆಪ್ಟೆಂಬರ್ 7ರ ಚಂದ್ರಗ್ರಹಣದಂದು ಮಧ್ಯಾಹ್ನ ವೇಧ ಶುರುವಾದ ಮೇಲೆ ನಾವು ಏನನ್ನೂ ಸೇವಿಸಲಿಲ್ಲ. ನಾಯಿಯ ನೀರಿನ ಬಟ್ಟಲನ್ನೂ ಎತ್ತಿಟ್ಟಿದ್ದೆ. ರಾತ್ರಿ ಅದು ಬಚ್ಚಲಿನ ನೆಲ ನೆಕ್ಕುತ್ತಿತ್ತು. ನೋಡಲಾರದೆ ಮಗಳು ನೀರು ಕೊಟ್ಟುಬಿಟ್ಟಳು. ಇದರಿಂದ ದೋಷವುಂಟೇ? ಪ್ರಾಯಶ್ಚಿತ್ತವೇನು?
– ಓರ್ವ ಗೃಹಿಣಿ, ಬೆಂಗಳೂರು

ಉತ್ತರ: ತಾಯಿ, ನಿಮ್ಮ ಮಗಳು ಮಾಡಿದ್ದೇ ಸರಿ. ಅವಳಿಗೆ ಯಾವ ದೋಷವೂ ಇಲ್ಲ.

ಅಂದು ಸ್ಪರ್ಶ ರಾತ್ರಿ 9.57ಕ್ಕೆ, ಮೋಕ್ಷ 1.26ಕ್ಕೆ. ಚಂದ್ರಗ್ರಹಣಕ್ಕೆ ಮೂರು ಯಾಮ ಮೊದಲೇ ವೇಧ. ಒಟ್ಟು 12 ಗಂಟೆಗೂ ಮೇಲಾಯಿತು. ನಾವು ತಡೆದುಕೊಂಡೆವಲ್ಲ, ಅದೂ ತಡೆದುಕೊಳ್ಳಲಿ ಅಂತ ನಿಮಗೆ ಅನ್ನಿಸಿರಬಹುದು. ಆದರೆ ನಾವು ಉಪವಾಸವಿರುವುದು ಸಂಕಲ್ಪ ಮಾಡಿ. ಯಾಕೆ, ಎಷ್ಟು ಹೊತ್ತು ಅಂತ ನಮಗೆ ಗೊತ್ತಿರುತ್ತೆ. ನಾಯಿಗೆ ಸಂಕಲ್ಪವೆಲ್ಲಿ, ಪಂಚಾಂಗವೆಲ್ಲಿ? ಅದರ ನೀರನ್ನು ನಾವು ತೆಗೆದಿಟ್ಟರೆ ಅದಕ್ಕೂ ಪುಣ್ಯವಿಲ್ಲ, ನಮಗೂ ಇಲ್ಲ. ಬಾಲರು, ವೃದ್ಧರು, ರೋಗಿಗಳಿಗೆ ವೇಧದಲ್ಲಿ ಧರ್ಮಶಾಸ್ತ್ರವೇ ವಿನಾಯಿತಿ ಕೊಟ್ಟಿದೆ. ಹಾಗಿರುವಾಗ ಬಾಯಿಬಿಟ್ಟು ಕೇಳಲಾರದ ಪ್ರಾಣಿಯನ್ನು ನಿಯಮಕ್ಕೆ ಕಟ್ಟುವುದು ಹೇಗೆ?

ಭೂತಯಜ್ಞ ಗೃಹಸ್ಥನಿಗೆ ನಿತ್ಯಕರ್ಮ. ವೈಶ್ವದೇವವಾದ ಮೇಲೆ ನಾಯಿ, ಕಾಗೆಗಳಿಗೂ ಅನ್ನ ಇಡಬೇಕೆಂದು ಹಿರಿಯರು ವಿಧಿಸಿದ್ದಾರೆ. ಬೀದಿನಾಯಿಯಾದರೆ ಎಲ್ಲಾದರೂ ಹುಡುಕಿ ಕುಡಿದೀತು. ಬಾಗಿಲು ಹಾಕಿದ ಮನೆಯ ನಾಯಿಗೆ ನೀವು ಇಟ್ಟರೆ ಮಾತ್ರ ಉಂಟು. ಆದ್ದರಿಂದ ನಿಮ್ಮ ಹೊಣೆ ಹೆಚ್ಚು.

ಇನ್ನೊಂದು ಮಾತು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳುತ್ತೆ; ಅದರಲ್ಲಿ ನೀರು ಖರ್ಚಾಗುತ್ತೆ. 10 ಕೆ.ಜಿ. ತೂಕದ ನಾಯಿಗೆ ದಿನಕ್ಕೆ ಸುಮಾರು ಅರ್ಧ ಲೀಟರಾದರೂ ಬೇಕು, ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ಒಸಡು ಒಣಗಿ ಅಂಟಂಟಾಗಿದ್ದರೆ, ಹೆಗಲ ಮೇಲಿನ ಚರ್ಮ ಎತ್ತಿ ಬಿಟ್ಟಾಗ ತಕ್ಷಣ ಇಳಿಯದಿದ್ದರೆ ಪಶುವೈದ್ಯರ ಹತ್ತಿರ ಕರೆದೊಯ್ಯಿರಿ. ಆಗ ಗ್ರಹಣ ಬಿಡಲಿ ಅಂತ ಕಾಯಬೇಡಿ.

ಮುಂದಿನ ಗ್ರಹಣಕ್ಕೆ ಮಡಿಯ ನೀರಿಗೆ ದರ್ಭೆ ಹಾಕಿ ಬೇರೆ ಇಟ್ಟುಕೊಳ್ಳಿ. ನಾಯಿಯ ಬಟ್ಟಲು ಅದರ ಜಾಗದಲ್ಲೇ ತುಂಬಿರಲಿ. ಮೋಕ್ಷವಾದ ಮೇಲೆ ಹಳೇ ನೀರು ಚೆಲ್ಲಿ, ಬಟ್ಟಲು ತೊಳೆದು ಹೊಸ ನೀರು ಹಾಕಿದರಾಯಿತು.

ಪ್ರಾಯಶ್ಚಿತ್ತ ಕೇಳಿದ್ದೀರಿ. ಬಟ್ಟಲು ಎತ್ತಿಟ್ಟವರು ನೀವಲ್ಲವೇ? ನಾಳೆಯಿಂದ ದೇವರ ಪೂಜೆಗೆ ಕೂರುವ ಮೊದಲು ಆ ಬಟ್ಟಲನ್ನು ನಿಮ್ಮ ಕೈಯಾರೆ ತುಂಬಿ. ಗೇಟಿನ ಹೊರಗೂ ಒಂದು ಬಟ್ಟಲು ಇಡಿ. ಅಷ್ಟು ಸಾಕು.