ಉಬ್ಬು ಅಚ್ಚು, ತಗ್ಗು ಅಚ್ಚು

ಕಾಗದದ ಮುಖವಾಡಕ್ಕೆ ಅಚ್ಚು ಮಾಡಲು ಕೂತಾಗ ಮೊದಲು ಇತ್ಯರ್ಥವಾಗಬೇಕಾದದ್ದು ಒಂದಿದೆ: ಕಾಗದವನ್ನು ಅಚ್ಚಿನ ಮೇಲೆ ಮೆತ್ತುವುದೋ, ಒಳಗೆ ಒತ್ತುವುದೋ? ಮಕ್ಕಳ ನಾಟಕಗಳಿಗೆ ಮುಖವಾಡ ಮಾಡುತ್ತ ಬಂದ ನನಗೆ ಇದು ಬಹುಕಾಲ ಬರೀ ಅನುಕೂಲದ ವಿಚಾರವಾಗಿತ್ತು. ಈಗ ಹಾಗನ್ನಿಸುವುದಿಲ್ಲ.

ವೆನಿಸ್‌ನವರದು ಒಳಗೆ ಒತ್ತುವ ಪದ್ಧತಿ. ಜೇಡಿಮಣ್ಣಿನಲ್ಲಿ ಮುಖ ತಿದ್ದಿ, ಮೇಲೆ ಪ್ಲಾಸ್ಟರ್ ಸುರಿದು, ಗಟ್ಟಿಯಾದ ಮೇಲೆ ಮಣ್ಣು ಬಿಡಿಸಿದರೆ ತಗ್ಗು ಅಚ್ಚು ಸಿಗುತ್ತದೆ. ಅದರೊಳಗೆ ಅಂಟು ಹಚ್ಚಿದ ಒದ್ದೆ ಕಾಗದ ಕೂರಿಸುತ್ತಾರೆ. ಅಚ್ಚಿಗೆ ತಾಗಿದ ಮೊದಲ ಪದರವೇ ಮುಖವಾಡದ ಹೊರಮೈ. ಹುಬ್ಬು, ತುಟಿಯಂಚು ಎಲ್ಲ ಇದ್ದಂತೆಯೇ ಇಳಿಯುತ್ತವೆ. ಕಾರ್ನಿವಲ್‌ನಲ್ಲಿ ಒಂದೇ ಬಗೆಯ ಬಿಳಿ ಮೊಗ ತೊಟ್ಟು ಗುರುತು ಮರೆಸಿಕೊಳ್ಳುತ್ತಿದ್ದ ಊರಿಗೆ ಒಪ್ಪುವ ಅಚ್ಚು ಇದು.

ಪಶ್ಚಿಮ ಬಂಗಾಳದ ಪುರುಲಿಯಾ ಜಿಲ್ಲೆಯ ಚರಿದಾದಲ್ಲಿ ಛೌ ಕುಣಿತದ ಮೊಗಗಳನ್ನು ಮಾಡುವ ಸೂತ್ರಧಾರ ಮನೆತನಗಳ ದಾರಿ ಬೇರೆ. ಮಣ್ಣಿನ ಉಬ್ಬು ಮುಖವನ್ನು ಒಣಗಿಸಿ, ಕಾಗದ ಸಲೀಸಾಗಿ ಬಿಟ್ಟುಬರಲೆಂದು ನುಣುಪಾದ ಬೂದಿ ಉದುರಿಸುತ್ತಾರೆ. ಮೇಲೆ ಎಂಟು-ಹತ್ತು ಪದರ ಕಾಗದ. ಒಂದೊಂದು ಪದರಕ್ಕೂ ಮೂಗು ಮೊಂಡಾಗುತ್ತದೆ, ಕಣ್ಣರೆಪ್ಪೆ ಹೂತುಹೋಗುತ್ತದೆ. ಆಮೇಲೆ ಮಣ್ಣಿನ ಲೇಪ, ಬಟ್ಟೆ. ಅದರ ಮೇಲೆ ಥಾಪಿ ಎಂಬ ಮರದ ಉಪಕರಣದಿಂದ ಉಜ್ಜಿ, ಒತ್ತಿ, ಮುಚ್ಚಿಹೋದ ಮುಖವನ್ನು ಮತ್ತೆ ಎಬ್ಬಿಸಬೇಕು. ಇಲ್ಲಿ ಅಚ್ಚಿಗೆ ತಾಗಿದ ಪದರ ಕುಣಿಯುವವನ ಕೆನ್ನೆಯ ಕಡೆಗೆ ಹೋಗುತ್ತದೆ. ನೋಡುವವರಿಗೆ ಕಾಣುವುದು ಕೊನೆಯಲ್ಲಿ ಕೈ ತಿದ್ದಿದ ಮೈ.

ವೆನಿಸ್‌ನಲ್ಲೂ ಕೈಚಳಕ ಕಡಿಮೆಯದೇನಲ್ಲ. ಆದರೆ ಮುಖದ ತಿದ್ದುವಿಕೆ ಬಹುಮಟ್ಟಿಗೆ ಮೂಲ ಮಣ್ಣಿನಲ್ಲೇ ಮುಗಿದಿರುತ್ತದೆ. ಚರಿದಾದ ಅಚ್ಚು ಅಳತೆಯನ್ನಷ್ಟೇ ಕೊಟ್ಟು ಹಿಂದೆ ಸರಿಯುತ್ತದೆ. ಅಪ್ಪ ಮಾಡಿಟ್ಟ ಅಚ್ಚಿದ್ದರೂ ಮಗ ತನ್ನ ದುರ್ಗೆಯನ್ನು ತಾನೇ ತಿದ್ದಬೇಕು. ಹಿರಿಯರು ಕಿರಿಯರಿಗೆ ಕೊಡಬಹುದಾದದ್ದು ಇಷ್ಟೇ, ಇಷ್ಟು ಸಾಕು ಕೂಡ ಎಂದು ನನಗೆ ಈಚೆಗೆ ಬಲವಾಗಿ ಅನ್ನಿಸುತ್ತಿದೆ.

ನಮ್ಮ ಮನೆಗಳ ಹೆಂಗಸರೂ ಮೆಂತ್ಯ ಸೇರಿಸಿ ರುಬ್ಬಿದ ಕಾಗದವನ್ನು ಬೋರಲು ಹಾಕಿದ ಪಾತ್ರೆಯ ಬೆನ್ನಿಗೆ ಮೆತ್ತಿಯೇ ಬುಟ್ಟಿ ಮಾಡುತ್ತಿದ್ದರು. ಮಕ್ಕಳಿಗೂ ಉಬ್ಬು ಅಚ್ಚು ಕೊಟ್ಟು ನೋಡಿದ್ದೇನೆ. "ಮೂಗೇ ಹೋಯ್ತು!" ಎಂದು ದೂರು ತರುವ ಮಕ್ಕಳು ಸ್ವಲ್ಪ ಹೊತ್ತಿಗೆಲ್ಲ ಅರೆದ ಕಾಗದದ ಉಂಡೆ ಅಂಟಿಸಿ ತಮಗೆ ಬೇಕಾದ ಮೂಗು ಏರಿಸಿರುತ್ತಾರೆ. ಒಂದೇ ಅಚ್ಚಿನಿಂದ ಎದ್ದ ಹನುಮಂತರು ಒಬ್ಬರಂತೆ ಒಬ್ಬರಿರುವುದಿಲ್ಲ.

ಬೇಸಿಗೆ ಶಿಬಿರ ನಡೆಸುವವರಲ್ಲಿ ನನ್ನದೊಂದು ಕೋರಿಕೆ: ಅಂಗಡಿಯಿಂದ ಸಿದ್ಧ ತಗ್ಗು ಅಚ್ಚು ತರಬೇಡಿ. ಒಂದು ಬುಟ್ಟಿ ಜೇಡಿಮಣ್ಣು, ಸೋಸಿದ ಬೂದಿ, ಹಳೇ ಪೇಪರು, ಮೈದಾ ಅಂಟು ಕೊಡಿ. ಒಣಗಲು ಎರಡು ದಿನ ಹೆಚ್ಚಿಗೆ ಬಿಡಿ.