ತಂದೆಯ ಬಂದೂಕು: ಇಟ್ಟುಕೊಳ್ಳುವುದೋ, ಬದಲಿಸುವುದೋ?



ಹಿರಿಯರು ತೀರಿಕೊಂಡ ಮೇಲೆ ಮನೆಯಲ್ಲಿ ಪಾಲಾಗುವುದು ಲೋಕರೂಢಿ. ಹೊಲಕ್ಕೆ ಬದು ಹಾಕಬಹುದು, ದನಗಳನ್ನು ಎಣಿಸಿ ಹಂಚಬಹುದು, ಹಂಡೆ ಕೊಡಗಳನ್ನು ತೂಗಿ ಕೊಡಬಹುದು. ಆದರೆ ಕೆಲವು ಮನೆಗಳಲ್ಲಿ ಗೂಟಕ್ಕೆ ತೂಗುಹಾಕಿದ ಒಂದು ಜೋಡುನಳಿಗೆ ಬಂದೂಕು ಉಳಿಯುತ್ತದೆ. ಅದನ್ನು ಸೀಳಿ ಹಂಚಲಾಗದು. ಸೊರಡಿಯಲ್ಲಾಗಲಿ, ಗುಡ್ಡಾಪುರದ ಸುತ್ತಿನ ಹಳ್ಳಿಗಳಲ್ಲಾಗಲಿ ಇಂಥದೊಂದು ಮನೆಯಿದೆಯೆಂದು ತಿಳಿಯೋಣ. ಹಿರಿಯ ಮಗ "ಅಪ್ಪನ ಬಂದೂಕ, ಇರ್ಲಿ" ಎನ್ನುತ್ತಾನೆ. ಕಿರಿಯವನು "ಅಣ್ಣಾ, ಇದು ಹಳೇದಾತು, ಇದನ್ನ ಕೊಟ್ಟು ಹೊಸದು ತರೂಣು" ಎನ್ನುತ್ತಾನೆ. ಇಬ್ಬರಲ್ಲಿ ಯಾರ ಮಾತು ಸರಿ?

ಮೊದಲು ಕಾನೂನಿನ ಮಾತು. ಬಂದೂಕು ಆಸ್ತಿಯಾಗಿ ಬರುತ್ತದೆ, ಪರವಾನಗಿ ಬರುವುದಿಲ್ಲ. ತಂದೆಯ ಉಸಿರಿನೊಡನೆ ಅವನ ಪರವಾನಗಿಯೂ ಮುಗಿಯಿತು. 1959ರ ಶಸ್ತ್ರಾಸ್ತ್ರ ಕಾಯದೆಯಂತೆ ವಾರಸುದಾರರು ವಿನಾಕಾರಣ ತಡಮಾಡದೆ ಅದನ್ನು ಸಮೀಪದ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿಯುಳ್ಳ ವ್ಯಾಪಾರಿಯ ಬಳಿ ಜಮಾ ಮಾಡಿ, ಬೇಕಾದರೆ ತಮ್ಮ ಹೆಸರಿನಲ್ಲಿ ಅರ್ಜಿ ಹಾಕಬೇಕು. ತಂದೆಗೆ 70 ವರ್ಷ ತುಂಬಿದ್ದರೆ, ಇಲ್ಲವೆ ಬಂದೂಕು 25 ವರ್ಷ ಅವರ ಬಳಿ ಇದ್ದರೆ, ಅವರು ಬದುಕಿರುವಾಗಲೇ ವಾರಸುದಾರನ ಹೆಸರಿಗೆ ಪರವಾನಗಿ ಕೇಳಲು 2016ರ ನಿಯಮಗಳಲ್ಲಿ ಅವಕಾಶವಿದೆ. ಪರವಾನಗಿಯಿಲ್ಲದೆ ಇಟ್ಟುಕೊಂಡರೆ 2019ರ ತಿದ್ದುಪಡಿಯ ನಂತರ 2ರಿಂದ 5 ವರ್ಷ ಸೆರೆವಾಸ. ಆದ್ದರಿಂದ "ಇದ್ದಲ್ಲೇ ಇರಲಿ" ಎಂಬುದು ನಿರ್ಧಾರವಲ್ಲ, ನಿರ್ಧಾರವನ್ನು ಮುಂದೂಡುವುದಷ್ಟೆ.

ಇನ್ನು ಬಂದೂಕಿನ ಮೂಲ ಕೆಲಸವನ್ನು ನೋಡೋಣ. ಜತ್ತ ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಆ ಕಾಲದ ಬೇಟೆಯ ಬಂದೂಕಿಗೆ ಈಗ ಬೇಟೆಯೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯದೆ ಬಂದಿತು. 1991ರಲ್ಲಿ ಅದು ಇನ್ನಷ್ಟು ಬಿಗಿಯಾಯಿತು. ಇಂದು ಚಿಗರಿಯ ಮಾತು ಹಾಗಿರಲಿ, ಒಂದು ಮೊಲವನ್ನು ಹೊಡೆದರೂ ಅಪರಾಧ. ಬೆಳೆ ಹಾಳುಮಾಡುವ ಕಾಡುಹಂದಿಯನ್ನು ಹೊಡೆಯಲು ಸಹ ಅರಣ್ಯ ಇಲಾಖೆಯ ಲಿಖಿತ ಅಪ್ಪಣೆ ಬೇಕು. ಹೀಗೆ ಕೆಲಸ ಹೋಗಿದೆ, ಆಯುಧ ಉಳಿದಿದೆ.

ಹಾಗಾದರೆ ಏಕೆ ಇಟ್ಟುಕೊಳ್ಳಬೇಕು? ನೆನಪು, ಮಾನ, ರಕ್ಷಣೆ ಎಂಬ ಮೂರು ಕಾರಣಗಳನ್ನು ಜನ ಹೇಳುತ್ತಾರೆ. ಮೂರೂ ಹಗುರವಾದವುಗಳಲ್ಲ.

ಮಾನದ ಮಾತಿಗೆ ಹಲಗಲಿಯ ಬೇಡರ ಉದಾಹರಣೆಯಿದೆ. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಿರೆಂದಾಗ ಮುಧೋಳ ಸೀಮೆಯ ಆ ಊರು ಒಪ್ಪಲಿಲ್ಲ, ಪ್ರಾಣವನ್ನೇ ತೆತ್ತಿತು. ಕೊಡಗಿನಲ್ಲಿ ಕೈಲ್ ಪೋಳ್ದ್ ಹಬ್ಬದಂದು ಬಂದೂಕಿಗೆ ಇಂದಿಗೂ ಪೂಜೆಯುಂಟು. ಕೊಡವರಿಗೆ ಪರವಾನಗಿಯಿಂದ ಇರುವ ವಿನಾಯಿತಿಯನ್ನು 2019ರಲ್ಲಿ ಸರಕಾರ 2029ರವರೆಗೆ ಮುಂದುವರಿಸಿತು. ಆದರೆ ಹಲಗಲಿಯವರಿಗೆ ಆಯುಧವೇ ಬದುಕಾಗಿತ್ತು. ಕೊಡವರಿಗೆ ಅದು ಇಡೀ ಕುಲದ ಆಚಾರ. ನಮ್ಮ ಬದುಕು ಜೋಳದ ಹೊಲದಲ್ಲಿ, ದ್ರಾಕ್ಷಿ ದಾಳಿಂಬೆಯ ತೋಟದಲ್ಲಿ, ಅಡತಿಯ ತಕ್ಕಡಿಯಲ್ಲಿ ಇದೆ. ಪರರ ಮಾನವನ್ನು ಕಡ ತಂದು ನಮ್ಮ ಗೋಡೆಗೆ ತೂಗುಹಾಕಬಾರದು.

ರಕ್ಷಣೆಯ ಮಾತು. ಊರಿಂದ ದೂರ ತೋಟದ ವಸ್ತಿಯಲ್ಲಿ ಇರುವವನ ಭಯ ಸುಳ್ಳಲ್ಲ. ಆದರೆ ಬಂದೂಕಿಗೆ ಬೀಗ ಹಾಕದಿದ್ದರೆ ಮಕ್ಕಳ ಕೈಗೆ ಸಿಗುತ್ತದೆ. ಬೀಗ ಹಾಕಿ ಕಾಡತೂಸನ್ನು ಬೇರೆ ಇಟ್ಟರೆ ಕಳ್ಳ ಬಂದ ಹೊತ್ತಿಗೆ ನಮ್ಮ ಕೈಗೇ ಸಿಗುವುದಿಲ್ಲ. ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಬದುವಿನ ಜಗಳ ಮಾತಿನಿಂದ ಬಡಿಗೆಗೆ ಏರುವುದನ್ನು ನಾವು ಬಲ್ಲೆವು. ಮಳೆ ಕೈಕೊಟ್ಟ ವರ್ಷ ಸಾಲದವನ ಮನಸ್ಸು ಕುಸಿಯುವುದನ್ನೂ ಬಲ್ಲೆವು. ಸಿಟ್ಟು ಇಳಿಯುತ್ತದೆ, ದುಃಖವೂ ಇಳಿಯುತ್ತದೆ. ಹಾರಿದ ಗುಂಡು ಮಾತ್ರ ಹಿಂದೆ ಬರುವುದಿಲ್ಲ. ಹೊರಗಿನ ಕಳ್ಳನಿಗಾಗಿ ಇಟ್ಟ ಆಯುಧವು ಒಳಗಿನವರನ್ನೇ ಬಲಿ ತೆಗೆದುಕೊಳ್ಳಬಹುದೆಂಬ ಎಚ್ಚರ ಯಜಮಾನನಿಗೆ ಇರಬೇಕು.

ಈಗ ಕಿರಿಯವನ ಮಾತು. ಅದರಲ್ಲಿಯೂ ಹುರುಳಿದೆ. 12 ಬೋರು ಎಂದರೆ ಆ ನಳಿಗೆಯ ಅಳತೆಯ 12 ಸೀಸದ ಗುಂಡುಗಳು ಸೇರಿ ಒಂದು ಪೌಂಡು ತೂಗುತ್ತವೆ ಎಂದರ್ಥ. ಅಳತೆ ಒಂದೇ ಆದರೂ ಬಲ ಒಂದೇ ಅಲ್ಲ. ಕಬ್ಬಿಣ ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದ ಬಹಳ ಹಳೆಯ ನಳಿಗೆಗಳು ಕರಿಮದ್ದಿಗಾಗಿ ಆದವು. ಈಗಿನ ಹೊಗೆರಹಿತ ಮದ್ದಿನ ಕಾಡತೂಸು ಹಾಕಿದರೆ ನಳಿಗೆ ಒಡೆದು ಹಾರಿಸಿದವನ ಕೈಯೇ ಹೋಗಬಹುದು. ಆದಕಾರಣ ನಿಜವಾಗಿ ಅಗತ್ಯವಿದ್ದವನು ಅಪ್ಪನ ಮೇಲಿನ ಪ್ರೀತಿಗಾಗಿ ಸವೆದ ಬಂದೂಕನ್ನೇ ಹಿಡಿದು ಕೂಡ್ರುವುದು ವಿವೇಕವಲ್ಲ, ಅವನು ಬದಲಿಸಲಿ. ಆದರೆ ಅಗತ್ಯವಿಲ್ಲದವನು ಹೊಸದು ತಂದರೆ ಅದು ತಂದೆಯ ಆಸ್ತಿ ಆಗುವುದಿಲ್ಲ, ಮಗನ ಸ್ವಂತ ಆಸೆ ಆಗುತ್ತದೆ. ತಂದೆಯ ಹೆಸರು ಹೇಳಿ ಅದನ್ನು ಮುಚ್ಚಬಾರದು.

ಉಳಿದದ್ದು ನೆನಪು. ಖಂಡೇನವಮಿಯ ದಿನ ಕೂರಿಗೆ, ತಕ್ಕಡಿ, ಬಂದೂಕು ಸಾಲಾಗಿ ಪೂಜೆಗೊಳ್ಳುತ್ತವೆ. ಸವೆದ ಕೂರಿಗೆಯನ್ನು ಅಟ್ಟಕ್ಕೆ ಇಟ್ಟರೆ ಯಾರಿಗೂ ಕೇಡಿಲ್ಲ. ಬಂದೂಕು ಹಾಗಲ್ಲ, ಅದಕ್ಕೆ ವಯಸ್ಸಾಗುತ್ತದೆ, ಕೊಲ್ಲುವ ಗುಣ ಹೋಗುವುದಿಲ್ಲ. ತಂದೆ ನಮಗೆ ಬಿಟ್ಟುಹೋದದ್ದು ಬಂದೂಕಿಗಿಂತ ದೊಡ್ಡದು: ಅದನ್ನು ತೊಡೆದು ಎಣ್ಣೆ ಹಚ್ಚಿ, ಇಷ್ಟು ವರ್ಷ ಯಾರಿಗೂ ಕೇಡಾಗದಂತೆ ಕಾಯ್ದ ಆ ಎಚ್ಚರ. ಆ ಎಚ್ಚರ ನಮ್ಮಲ್ಲಿದ್ದು, ಅಗತ್ಯವೂ ಇದ್ದರೆ, ಪರವಾನಗಿ ಪಡೆದು ಬಂದೂಕನ್ನು ಇಟ್ಟುಕೊಳ್ಳೋಣ. ಎರಡರಲ್ಲಿ ಒಂದು ಇಲ್ಲವಾದರೂ ಕಾಯದೆಯಂತೆ ಅದನ್ನು ಕೊಟ್ಟುಬಿಡೋಣ. ಹಾಗೆ ಕೊಟ್ಟವನು ತಂದೆಯ ಆಸ್ತಿಯನ್ನು ಕಳೆದವನಲ್ಲ, ತಂದೆಯ ನಡತೆಯನ್ನು ಉಳಿಸಿಕೊಂಡವನು.

ಈ ಮಾತನ್ನು ಅಣ್ಣತಮ್ಮಂದಿರು ಪಾಲಿನ ದಿನವೇ, ತಾಯಿಯನ್ನೂ ಸೊಸೆಯಂದಿರನ್ನೂ ಕೂಡ್ರಿಸಿಕೊಂಡು ತೀರ್ಮಾನಿಸಲಿ. ಏಕೆಂದರೆ ಆ ಗೂಟದ ಕೆಳಗೆ ದಿನವೂ ಮಲಗಿ ಏಳುವವರು ಅವರೇ.