ಹಿತ್ತಿಲ ಕೊಳ ಯಾರದು?

ಒಂದು ವಸ್ತುವನ್ನು ಮಾಡಿದವನೇ ಅದರ ಒಡೆಯನೆಂಬುದು ಲೋಕದಲ್ಲಿ ರೂಢವಾದ ಮಾತು. ಮಡಕೆ ಕುಂಬಾರನದು, ಬೆಳೆ ಬೇಸಾಯಗಾರನದು. ಆದರೆ ಕಪ್ಪೆ, ಹಕ್ಕಿ, ಹುಳುಗಳಿಗೆಂದೇ ಒಬ್ಬನು ತನ್ನ ಹಿತ್ತಿಲಿನಲ್ಲಿ ಒಂದು ಕೊಳವನ್ನು ತೋಡಿದರೆ ಅದು ಯಾರದು? ಮೂರು ವರ್ಷಗಳ ಹಿಂದೆ ಕಾಸರಗೋಡು ಸೀಮೆಯ ನಮ್ಮ ಮನೆಯ ಹಿಂದೆ ಇಂಥದೊಂದು ಪುಟ್ಟ ಕೊಳವನ್ನು ಮಾಡಿದಾಗ ಈ ಪ್ರಶ್ನೆ ನಮ್ಮ ಮನಸ್ಸಿನಲ್ಲಿರಲಿಲ್ಲ. ಕೊಳವೇ ಅದನ್ನು ನಮ್ಮ ಮುಂದಿಟ್ಟಿತು. ವಿಷಯ ಸಣ್ಣದಾದರೂ ಅದು ಕೇಳಿದ ಪ್ರಶ್ನೆಗಳು ಸಣ್ಣವಲ್ಲವಾದುದರಿಂದ ಅವನ್ನು ನಮ್ಮ ಅಧ್ಯಾಪಕ ಮಿತ್ರರ ಮತ್ತು ವಿದ್ಯಾರ್ಥಿಗಳ ಮುಂದೆ ಇಡಬಯಸುತ್ತೇವೆ.

ನಮ್ಮದು ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಾಡು. ಆದರೂ ಮುರಕಲ್ಲಿನ ನೆಲದಲ್ಲಿ ನೀರು ನಿಲ್ಲುವುದಿಲ್ಲ. ಹಿರಿಯರು ಇದನ್ನರಿತು ಗುಡ್ಡದ ಮೇಲೆ ಮದಕಗಳನ್ನು ಕಟ್ಟಿದರು, ಸುರಂಗಗಳನ್ನು ಕೊರೆದು ಅವುಗಳ ಬಾಯಿಯಲ್ಲಿ ಕೆರೆಗಳನ್ನು ಮಾಡಿದರು, ದನಗಳಿಗೆಂದು ಅಂಗಳದ ಬದಿಯಲ್ಲಿ ಕಲ್ಲಿನ ಮರಿಗೆಯನ್ನಿಟ್ಟರು. ಇವುಗಳಲ್ಲಿ ಮನುಷ್ಯನಿಗೆ ದೊರೆತಷ್ಟೇ ನೀರು ಮೂಕಜೀವಿಗಳಿಗೂ ದೊರೆಯುತ್ತಿತ್ತು. ಮಳೆಗಾಲದ ಗದ್ದೆಗಳಂತೂ ಕಪ್ಪೆಗಳ ಹೆರಿಗೆಮನೆಗಳೇ ಆಗಿದ್ದುವು. ಈಗ ಗದ್ದೆಗಳನ್ನು ಮಣ್ಣು ತುಂಬಿ ಎತ್ತರಿಸಿ ಅಡಕೆ ನೆಟ್ಟಿದ್ದೇವೆ, ಮನೆ ಕಟ್ಟಿದ್ದೇವೆ. ಒಂದು ಕಾಲದಲ್ಲಿ ಕಪ್ಪೆಯ ಕಾಲುಗಳನ್ನು ಹೊರದೇಶಗಳಿಗೆ ಕಳುಹಿಸುವ ವ್ಯಾಪಾರ ನಮ್ಮ ದೇಶದಲ್ಲಿ ಭರದಿಂದ ನಡೆದಿತ್ತು. 1987ರಲ್ಲಿ ಸರಕಾರ ಆ ರಫ್ತನ್ನು ನಿಷೇಧಿಸಿತು. ಒಳ್ಳೆಯದೇ ಆಯಿತು. ಆದರೆ ಕೊಲ್ಲುವ ಕೈಯನ್ನು ತಡೆಯುವುದು ಕಾನೂನಿಗೆ ಸಾಧ್ಯ. ಮೊಟ್ಟೆಯಿಡಲು ಒಂದು ನೀರಿನ ಹೊಂಡವನ್ನು ಅದು ತೋಡಿಕೊಡಲಾರದು. ಅದನ್ನು ಯಾರಾದರೂ ಸಲಿಕೆ ಹಿಡಿದೇ ಮಾಡಬೇಕು.

ನಾವು ಮಾಡಿದ ರೀತಿ ಸರಳವಾದುದು. ಮೇ ತಿಂಗಳಿನಲ್ಲಿ ಎಂಟು ಅಡಿ ಉದ್ದ, ಐದು ಅಡಿ ಅಗಲದ ಜಾಗವನ್ನು ಅಗೆದೆವು. ನಡುವಿನ ಆಳ ಎರಡು ಅಡಿ. ಒಂದು ಬದಿಯನ್ನು ಮಾತ್ರ ಬಟ್ಟಲಿನ ಅಂಚಿನಂತೆ ಇಳಿಜಾರಾಗಿ ಬಿಟ್ಟೆವು. ಇದು ಅಂದಕ್ಕಾಗಿ ಅಲ್ಲ. ನೇರವಾದ ಗೋಡೆಯ ತೊಟ್ಟಿಯೊಳಗೆ ಬಿದ್ದ ಕಪ್ಪೆಮರಿಯಾಗಲಿ ಹಕ್ಕಿಯಾಗಲಿ ಮೇಲೇರಿ ಬರಲಾರದೆ ಸಾಯುತ್ತದೆ. ನೀರು ಕೊಡಹೊರಟವನು ಗೋರಿ ಕೊಟ್ಟಂತಾಗುತ್ತದೆ. ಮುರಕಲ್ಲು ನೀರನ್ನು ಇಂಗಿಸುವುದರಿಂದ ತಳಕ್ಕೆ ಜೇಡಿಮಣ್ಣನ್ನು ಪದರಪದರವಾಗಿ ಹಾಕಿ, ನೀರು ಚಿಮುಕಿಸಿ, ಕಾಲಿನಿಂದ ಚೆನ್ನಾಗಿ ತುಳಿದೆವು. ಅಂಚಿನಲ್ಲಿ ಒಂದೆಲಗ ಮತ್ತು ಬಜೆಯನ್ನು ನೆಟ್ಟೆವು, ನಡುವೆ ಒಂದು ನೈದಿಲೆಯ ಗೆಡ್ಡೆಯನ್ನಿಟ್ಟೆವು. ಎರಡು ಅಡಿ ನೀರೂ ಎಳೆಯ ಮಗುವಿಗೆ ಅಪಾಯವಾದುದರಿಂದ ಸುತ್ತಲೂ ಬಿದಿರಿನ ಬೇಲಿಯನ್ನು ಕಟ್ಟಿದೆವು. ತಳದಲ್ಲಿ ಒಂದು ಗೇಣು ಸಂದು ಬಿಟ್ಟೆವು. ಜೂನ್ ತಿಂಗಳ ಮಳೆ ಕೊಳವನ್ನು ತುಂಬಿಸಿತು.

ಅತಿಥಿಗಳನ್ನು ನಾವು ಕರೆದು ತರಲಿಲ್ಲ. ಅವರಾಗಿಯೇ ಬಂದರು. ನೀರಿನ ಮೇಲೆ ಜಾರುವ ಹುಳುಗಳು ಬಂದುವು, ಏರೋಪ್ಲೇನ್ ಚಿಟ್ಟೆಗಳು ಬಂದು ಬಾಲವನ್ನು ನೀರಿಗೆ ಅದ್ದಿ ಮೊಟ್ಟೆಯಿಟ್ಟುವು. ಕೊಳದ ಮೇಲೆ ಬಾಗಿದ್ದ ಪೇರಳೆಯ ಕೊಂಬೆಯಲ್ಲಿ ಒಂದು ಮುಂಜಾವ ಮುಷ್ಟಿಗಾತ್ರದ ಬಿಳಿಯ ನೊರೆಯುಂಡೆ ತೂಗುತ್ತಿತ್ತು. ಅದು ಮರಗಪ್ಪೆಯ ಗೂಡು. ಕೆಲವು ದಿನಗಳಲ್ಲಿ ನೊರೆ ಕರಗಿ ಗೊದಮೊಟ್ಟೆಗಳು ಒಂದೊಂದಾಗಿ ನೀರಿಗೆ ಉದುರುವುದನ್ನು ಮಕ್ಕಳು ಉಸಿರು ಬಿಗಿಹಿಡಿದು ನೋಡಿದರು. ಆ ದಿನಗಳಲ್ಲಿ ನಮಗೆ ಒಂದು ಬಗೆಯ ಹೆಮ್ಮೆಯೂ ಉಂಟಾಗಿತ್ತೆಂಬುದನ್ನು ಮರೆಮಾಡುವುದಿಲ್ಲ.

ಆ ಹೆಮ್ಮೆ ಬಹುಕಾಲ ಉಳಿಯಲಿಲ್ಲ. ಜುಲೈ ತಿಂಗಳಿನಲ್ಲಿ ನೆರೆಮನೆಯ ಹುಡುಗನಿಗೆ ಡೆಂಗಿ ಜ್ವರ ಬಂದಿತು. ಅವನ ಅಜ್ಜಿ ಬೇಲಿಯ ಬಳಿ ನಿಂತು, "ಮಾಷ್ಟ್ರೇ, ನೀವು ಕಪ್ಪೆಗೆ ನೀರು ಕೊಟ್ಟಿರಿ, ನಮ್ಮ ಮಗುವಿಗೆ ಸೊಳ್ಳೆ ಕೊಟ್ಟಿರಿ" ಎಂದರು. ಮಾತು ನಾಟಿತು. ನಮ್ಮ ಮೊದಲ ಯತ್ನ ಸಮರ್ಥಿಸಿಕೊಳ್ಳುವುದೇ ಆಗಿತ್ತು. ಆದರೆ ಸಮರ್ಥನೆಗಿಂತ ಮುಂಚೆ ಪರೀಕ್ಷೆ ಆಗಬೇಕಷ್ಟೆ? ಬಿಳಿಯ ಬಟ್ಟಲಿನಲ್ಲಿ ಕೊಳದ ನೀರನ್ನು ಮೊಗೆದು ನೋಡಿದೆವು. ಸೊಳ್ಳೆಮರಿಗಳು ಕೆಲವು ಇದ್ದುವು, ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಆಮೇಲೆ ಎರಡೂ ಮನೆಗಳ ಸುತ್ತ ಹುಡುಕಿದೆವು. ತೋಟದಲ್ಲಿ ಬಿದ್ದ ಅಡಕೆಯ ಹಾಳೆಗಳು, ರಬ್ಬರು ಹಾಲಿನ ಚಿಪ್ಪುಗಳು, ಒಡೆದ ಗೆರಟೆಗಳು, ಒಂದು ಹಳೆಯ ಟಯರು - ಇವುಗಳಲ್ಲಿ ಅವು ಕಿಕ್ಕಿರಿದಿದ್ದುವು. ಡೆಂಗಿಯನ್ನು ಹರಡುವ ಸೊಳ್ಳೆ ಇಂಥ ಸಣ್ಣಪುಟ್ಟ ಪಾತ್ರೆಗಳ ನೀರನ್ನೇ ಹೆಚ್ಚಾಗಿ ಆರಿಸಿಕೊಳ್ಳುತ್ತದೆ. ಹೀಗಿದ್ದರೂ "ನಮ್ಮ ಪಾಲು ಸ್ವಲ್ಪ" ಎಂಬುದು "ನಮ್ಮ ಪಾಲು ಇಲ್ಲ" ಎಂದಂತಾಗುವುದಿಲ್ಲ.

ಹಿತೈಷಿಗಳೊಬ್ಬರು ಗಾಂಬೂಸಿಯಾ ಮೀನನ್ನು ಬಿಡಲು ಸಲಹೆ ಕೊಟ್ಟರು. ಉತ್ತರ ಅಮೆರಿಕ ಮೂಲದ ಈ ಮೀನನ್ನು ಸೊಳ್ಳೆಯ ನಿವಾರಣೆಗೆಂದೇ ಜಗತ್ತಿನ ನಾನಾ ದೇಶಗಳಿಗೆ ಒಯ್ದಿದ್ದಾರೆ. ಅದು ಸೊಳ್ಳೆಮರಿಯನ್ನು ತಿನ್ನುತ್ತದೆ, ನಿಜ. ಜೊತೆಗೆ ಕಪ್ಪೆಯ ಮೊಟ್ಟೆಯನ್ನೂ ಗೊದಮೊಟ್ಟೆಯನ್ನೂ ತಿನ್ನುತ್ತದೆ. ಯಾರಿಗಾಗಿ ಕೊಳ ತೋಡಿದೆವೋ ಅವರನ್ನೇ ಬಲಿಗೊಟ್ಟು ಕೊಳವನ್ನು ಉಳಿಸಿಕೊಂಡರೆ ಉಳಿದದ್ದು ನೀರಿನ ಗುಂಡಿ ಮಾತ್ರ. ಆದುದರಿಂದ ನಾವು ಶ್ರಮದ ದಾರಿಯನ್ನು ಹಿಡಿದೆವು. ಮೂರು ದಿನಕ್ಕೊಮ್ಮೆ ತೆಳುಬಟ್ಟೆಯ ಬಲೆಯಿಂದ ಅಂಚಿನ ನೀರನ್ನು ಸೋಸಿದೆವು. ವಾರಕ್ಕೊಮ್ಮೆ ಮಕ್ಕಳೊಡನೆ ಎರಡೂ ತೋಟಗಳ ಹಾಳೆ, ಚಿಪ್ಪುಗಳನ್ನು ಕವುಚಿ ಹಾಕಿದೆವು. ಮೊಟ್ಟೆಯು ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನ ಬೇಕಾಗುವುದರಿಂದ ವಾರಕ್ಕೊಮ್ಮೆಯ ಶ್ರದ್ಧೆ ಸಾಕು. ಅಷ್ಟರಲ್ಲಿ ಏರೋಪ್ಲೇನ್ ಚಿಟ್ಟೆಯ ಮರಿಗಳು ನೀರಿನಡಿಯಲ್ಲಿ ಬೆಳೆದು ತಮ್ಮ ಬೇಟೆಯನ್ನು ತೊಡಗಿದುವು. ಬಟ್ಟಲಿನಲ್ಲಿ ಸೊಳ್ಳೆಮರಿ ಕಾಣದಾಯಿತು. ಹುಡುಗನೂ ಚೇತರಿಸಿಕೊಂಡನು. ಅವನು ಚೇತರಿಸಿಕೊಳ್ಳದೆ ಇದ್ದಿದ್ದರೆ? ಈ ಪ್ರಶ್ನೆಯನ್ನು ನಾವು ತಪ್ಪಿಸಿಕೊಂಡಿಲ್ಲ. ಕೊಳದಿಂದಲೇ ರೋಗವೆಂದು ತಿಳಿದುಬಂದ ದಿನ ಅದನ್ನು ನಮ್ಮ ಕೈಯಿಂದಲೇ ಮುಚ್ಚಬೇಕು. ದಯೆಯ ಹೆಸರಿನಲ್ಲಿ ನೆರೆಯವರನ್ನು ಪಣಕ್ಕಿಡುವ ಅಧಿಕಾರ ಯಾರಿಗೂ ಇಲ್ಲ.

ಆಗಸ್ಟಿನಲ್ಲಿ ಎರಡನೆಯ ಪರೀಕ್ಷೆ ಬಂದಿತು. ಒಂದು ನೀರೊಳ್ಳೆ ಹಾವು ಬೇಲಿಯ ಸಂದಿನಿಂದ ನುಸುಳಿ, ಮಕ್ಕಳು ಹೆಸರಿಟ್ಟು ಕರೆಯುತ್ತಿದ್ದ ಕಪ್ಪೆಯನ್ನು ಹಿಡಿಯಿತು. ಮನೆಯ ಕಿರಿಯವಳು ಅಳುತ್ತ ಕೋಲನ್ನು ತಂದಳು. ವಿಷವಿಲ್ಲದ ಹಾವು, ತನ್ನ ಊಟವನ್ನು ಹುಡುಕಿ ಬಂದದ್ದು. ಕಪ್ಪೆಗೆ ಕೊಳವೆಂದ ಮೇಲೆ ಹಾವಿಗೆ ಇಲ್ಲವೆನ್ನಲು ನಮಗೆ ಯಾವ ನ್ಯಾಯವಿದೆ? ಕುಂಬಳೆಯ ಸಮೀಪದ ಅನಂತಪುರ ದೇವಾಲಯದ ಸರೋವರದಲ್ಲಿದ್ದ ಬಬಿಯಾ ಎಂಬ ಮೊಸಳೆಯನ್ನು ನಮ್ಮ ಸೀಮೆಯವರೆಲ್ಲ ಬಲ್ಲರು. 2022ರ ಅಕ್ಟೋಬರಿನಲ್ಲಿ ಅದು ಸತ್ತಾಗ ಜನ ಬಂಧುವನ್ನು ಕಳೆದುಕೊಂಡವರಂತೆ ದುಃಖಿಸಿದರು. ನೈವೇದ್ಯದ ಅನ್ನವನ್ನುಣ್ಣುವ ಸಾಧುಪ್ರಾಣಿಯೆಂಬ ಖ್ಯಾತಿಯೇ ಆ ಪ್ರೀತಿಯನ್ನು ಬೆಳೆಸಿತ್ತು. ನಮ್ಮಂತೆ ಉಣ್ಣುವ ಪ್ರಾಣಿಯನ್ನು ಪ್ರೀತಿಸುವುದು ಸುಲಭ. ತನ್ನ ಸ್ವಭಾವದಂತೆ ಉಣ್ಣುವ ಪ್ರಾಣಿಗೆ ಎಡೆಮಾಡಿಕೊಡುವುದೇ ಕಷ್ಟ. ನಾವು ಕೋಲನ್ನು ತೆಗೆದುಕೊಂಡು ಗೋಡೆಗೆ ಒರಗಿಸಿದೆವು. ಮಗುವಿನ ಅಳುವಿಗೆ ಮಾತ್ರ ನಮ್ಮಲ್ಲಿ ಉತ್ತರವಿರಲಿಲ್ಲ. ಹತ್ತಿರ ಕುಳಿತುಕೊಂಡೆವು, ಅಷ್ಟೆ.

ಆ ರಾತ್ರಿ ನಮಗೆ ನೆನಪಾದುದು ನಮ್ಮ ಧರ್ಮಶಾಸ್ತ್ರಗಳಲ್ಲಿ ಬರುವ 'ಉತ್ಸರ್ಗ' ಎಂಬ ಪದ. ಕೆರೆಯನ್ನು ಕಟ್ಟಿಸುವುದನ್ನು ಸಪ್ತಸಂತಾನಗಳಲ್ಲಿ ಒಂದೆಂದು ಹಿಂದಿನವರು ಎಣಿಸಿದ್ದರು. ಆದರೆ ಕಟ್ಟಿದ ಮಾತ್ರಕ್ಕೆ ಕಾರ್ಯ ಮುಗಿಯುತ್ತಿರಲಿಲ್ಲ. ಅದನ್ನು ಸರ್ವಭೂತಗಳಿಗಾಗಿ ಬಿಟ್ಟುಕೊಡುವ ವಿಧಿಯೊಂದಿತ್ತು. ದಾನಕ್ಕೂ ಉತ್ಸರ್ಗಕ್ಕೂ ಭೇದವಿದೆ. ದಾನದಲ್ಲಿ ಕೊಡುವವನಿದ್ದಾನೆ, ಕೈಯೊಡ್ಡಿ ಸ್ವೀಕರಿಸುವವನೂ ಇದ್ದಾನೆ. ಪಾತ್ರನೋ ಅಪಾತ್ರನೋ ಎಂದು ಕೊಡುವವನು ಆರಿಸಬಹುದು. ಉತ್ಸರ್ಗದಲ್ಲಿ ಸ್ವೀಕರಿಸುವವನು ಗೊತ್ತುಪಟ್ಟಿಲ್ಲ. ಕೊಟ್ಟವನು "ನನ್ನದು" ಎಂಬುದನ್ನು ಕಳಚಿಡುತ್ತಾನೆ. ಆಮೇಲೆ ಅವನೂ ಆ ನೀರಿಗೆ ಎಲ್ಲರಲ್ಲಿ ಒಬ್ಬನಾಗಿಯೇ ಇಳಿಯುತ್ತಾನೆ. ನಾವು ಕೊಳವನ್ನು ದಾನವೆಂದು ಭಾವಿಸಿದ್ದೆವು. ಕಪ್ಪೆಯನ್ನು ಪಾತ್ರವೆಂದೂ ಹಾವನ್ನು ಅಪಾತ್ರವೆಂದೂ ಎಣಿಸಿದ್ದೆವು. ತಪ್ಪು ಅಲ್ಲಿತ್ತು.

ಹಾಗೆಂದು ಬಿಟ್ಟುಕೊಟ್ಟ ಮೇಲೆ ಹೊಣೆಯೂ ಹೋಯಿತೆಂದಲ್ಲ. ಹಕ್ಕನ್ನು ಬಿಡಬಹುದು, ಹೊಣೆಯನ್ನು ಬಿಡಲಾಗದು. ಬೇಲಿ ಕಟ್ಟುವುದು, ನೀರು ಸೋಸುವುದು, ನೆರೆಯವರ ದೂರಿಗೆ ಕಿವಿಗೊಡುವುದು, ಇವೆಲ್ಲ ನಮ್ಮ ಪಾಲಿಗೆ ಉಳಿದುವು. ಯಾರು ಬರಬೇಕು, ಯಾರು ಬದುಕಬೇಕೆಂಬ ತೀರ್ಪು ಮಾತ್ರ ನಮ್ಮದಾಗಿ ಉಳಿಯಲಿಲ್ಲ.

ಮರುವರ್ಷದ ಏಪ್ರಿಲಿನಲ್ಲಿ ಕೊಳ ಬತ್ತತೊಡಗಿತು. ನೆರೆಮನೆಯ ಬಾವಿಯೂ ತಳ ಕಂಡಿತ್ತು. ನಮ್ಮ ಬಾವಿಯಲ್ಲಿ ಇನ್ನೂ ಸ್ವಲ್ಪ ನೀರಿತ್ತು. ಕೊಳಕ್ಕೆ ಸುರಿಯೋಣವೆಂದು ಮಕ್ಕಳು ಕೊಡ ಹಿಡಿದು ನಿಂತರು. ನಾವು ಬೇಡವೆಂದೆವು. ಮನುಷ್ಯರು ಕುಡಿಯುವ ನೀರಿಗೆ ಅಲೆಯುವಾಗ ಅದನ್ನು ಕೊಳಕ್ಕೆ ಹೊಯ್ಯುವುದು ಉಚಿತವಲ್ಲ. ಮೇಲಾಗಿ ಬತ್ತುವುದೂ ನಮ್ಮ ನಾಡಿನ ಕೊಳಗಳ ಧರ್ಮವೇ. ಮಳೆಗಾಲದ ಕಪ್ಪೆಗಳು ಮಣ್ಣಿನಡಿಯಲ್ಲಿಯೂ ಕಲ್ಲುಸಂದಿನಲ್ಲಿಯೂ ಅಡಗಿ ಮಳೆಗಾಗಿ ಕಾಯಬಲ್ಲುವು. ಕಾಯಲಾರದ ಹಕ್ಕಿಗಳಿಗೆಂದು ಹಳೆಯ ಮರಿಗೆಯಲ್ಲಿ ಎರಡು ತಂಬಿಗೆ ನೀರನ್ನು ದಿನವೂ ತುಂಬಿಟ್ಟೆವು. ಕೊಡದ ನೀರು ನೆರೆಮನೆಗೆ ಹೋಯಿತು.

ಜೂನಿನ ಮೊದಲ ಮಳೆ ಬಿದ್ದ ರಾತ್ರಿ ಕೊಳ ಅರ್ಧ ತುಂಬಿತು. ನಡುರಾತ್ರಿಗೆ ಕಪ್ಪೆಗಳು ಕೂಗಲು ತೊಡಗಿದುವು. ಬೆಳಗ್ಗೆ ಬೇಲಿಯಾಚೆಯಿಂದ ಅಜ್ಜಿ, "ಮಾಷ್ಟ್ರೇ, ನಿಮ್ಮ ಕಪ್ಪೆಗಳು ರಾತ್ರಿಯಿಡೀ ನಿದ್ದೆಗೊಡಲಿಲ್ಲ" ಎಂದರು. ಮುಖದಲ್ಲಿ ಕೋಪವಿರಲಿಲ್ಲ. ಅವು ನಮ್ಮವಲ್ಲವೆಂದು ಹೇಳಲು ಬಾಯಿಯವರೆಗೆ ಬಂದಿತ್ತು. ಅಷ್ಟರಲ್ಲಿ ಅವರ ಮೊಮ್ಮಗ ಬೇಲಿಯ ಬಳಿ ಬಗ್ಗಿ ನೊರೆಯುಂಡೆಯನ್ನು ಹುಡುಕುತ್ತಿದ್ದನು.